ಎತ್ತಿಕೊಂಡ ಸಾಲು

೧೦ ನವೆಂಬರ್ ೨೦೨೫, ಸೋಮವಾರ. ಜೇವರ್ಗಿ

ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಇಪ್ಪತ್ತೆರಡು ಜನರ ರಕ್ತ ತೆಗೆದೆ. ಸೋಮವಾರ ಲ್ಯಾಬಿನಲ್ಲಿ ಇದೇ ಗತಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಅರ್ಧ ಜನ ಚಹಾ ಕುಡಿದೇ ಬರುತ್ತಾರೆ. ಕೇಳಿದರೆ, "ಚಹಾ ಅಷ್ಟೇ ಕುಡದೇನ್ರಿ, ಏನೂ ತಿಂದಿಲ್ಲ." ಬೈಯುವ ಶಕ್ತಿಯೂ ಉಳಿದಿಲ್ಲ.

ಹತ್ತಕ್ಕೆ ಫೋನ್ ನೋಡಿದೆ. ನಮ್ಮ ಬ್ಯಾಂಡಿನ 'ಕರಿಮಣ್ಣು ಅಭಿಮಾನಿಗಳು' ಗುಂಪಿನಲ್ಲಿ ೩೧೪ ಮೆಸೇಜ್. ಸಿದ್ದಲಿಂಗ ಬ್ಯಾಂಡ್ ಬಿಟ್ಟು ಎರಡು ವಾರ ಆಯಿತು, ಇನ್ನೂ ಅದೇ ಅಳು. ಅಫಜಲಪುರದ ಪ್ರೋಗ್ರಾಮ್ ಆದ ಮರುದಿನ ನಮಗೆ ಒಂದೇ ಸಾಲು ಕಳಿಸಿದ — "ನಂದು ಮುಗೀತು. ಬ್ಯಾರೆ ಯಾರರೆ ಹುಡುಕೊಳ್ರಿ." ಹನ್ನೆರಡು ವರ್ಷ ಗಿಟಾರ್ ಹಿಡಿದು ಮುಂದೆ ನಿಂತು ಹಾಡಿದವ, ನಮ್ಮ ಸಿದ್ದ್ಯಾ. ಡ್ರಮ್ಸಿಗೆ ಅಬ್ದುಲ್ ಗನಿ. ಹಿಂದೆ ಬಾಸ್ ಗಿಟಾರ್ ಹಿಡಿದು ನಿಂತವ ನಾನು. ಮೂವರೇ. ಈಗ ಇಬ್ಬರು.

ಅಫಜಲಪುರದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮಗೆ ಹೆಸರು ತಂದ ಹೊಳೆದಂಡೆಯ ಹಾಡು 'ಆಚಿ ದಂಡಿ', ಅದರ ಕೊನೆಯ ಸಾಲಿಗೆ ಸಿದ್ದ್ಯಾ ಬಾಯಿ ತೆರೆದ. ದನಿ ಬರಲಿಲ್ಲ. ಎರಡು ಸಾವಿರ ಜನ. ಯಾರೋ ಸಿಳ್ಳೆ ಹಾಕಿದ. ವಿಡಿಯೋ ಇದೆ. ನಾನು ನೋಡಿಲ್ಲ.

೧೧ ನವೆಂಬರ್

ಗುಂಪಿನ ಅಡ್ಮಿನ್ ಮಹಾನಂದಾ ಮೇಡಂ ಆಳಂದದಲ್ಲಿ ಇತಿಹಾಸ ಕಲಿಸುವವರು. ಹೀಗಾಗಿ ನಮ್ಮನ್ನೂ ಯುಗಗಳಾಗಿ ಕಡಿದು ಹಾಕಿದ್ದಾರೆ. ಮೊದಲ ಐದು ವರ್ಷ 'ಬಂಗಾರದ ಕಾಲ'. ಹಾಡುಗಳಿಗೆ ಕೀಬೋರ್ಡ್ ಸೇರಿಸಿದ ಮೇಲಿನದ್ದು 'ಇಳಿಗಾಲ'. ಸಿದ್ದಲಿಂಗ ಹೋದ ಮೇಲಿನದಕ್ಕೆ ಹೆಸರೇ ಬೇಡವಂತೆ.

ಭೂಸನೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನೊಬ್ಬ ಜಗಳಕ್ಕೆ ಬಿದ್ದಿದ್ದಾನೆ: "ಇಳಿಗಾಲ ಅನಬ್ಯಾಡ್ರಿ ಮೇಡಂ. ನಾವು ಆಗಿಂದನ ಕೇಳಾಕ ಶುರು ಮಾಡೇವಿ. ನಮ್ಮ ಮರ್ಯಾದಿ ಪ್ರಶ್ನೆ ಅದ."

ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪುತ್ತಾರೆ. ಆ ಕೊನೆಯ ಸಾಲು — ಅಂಥ ಗಂಟಲು ಇನ್ನೊಂದು ಹುಟ್ಟುವುದಿಲ್ಲ. ಮುನ್ನೂರು ಮೆಸೇಜಿನಲ್ಲಿ ಬಾಸ್ ಅನ್ನುವ ಶಬ್ದ ಒಂದು ಸಲವೂ ಇಲ್ಲ. ಹುಡುಕಿ ನೋಡಿದೆ. ನಾಚಿಕೆಯಾಗಬೇಕು ನನಗೆ.

ಹೆಂಡತಿ ಜಯಮಾಲಾ ಊಟಕ್ಕೆ ಬಡಿಸುತ್ತ ಕೇಳಿದಳು, "ನಿಮ್ಮ ಪಂಚಾಯ್ತಿ ಮುಗೀತೇನ್ರಿ? ಪಲ್ಯ ಆರಾಕತ್ತದ."

೧೬ ನವೆಂಬರ್, ಭಾನುವಾರ

ಗನಿಯ ಟೈರ್ ಅಂಗಡಿಯ ಮಾಳಿಗೆ ಮೇಲೆ ಪ್ರಾಕ್ಟೀಸ್. ಹೊಸಬ ಬಂದ. ದಿಲೀಪ, ಅಫಜಲಪುರದವ, ಇಪ್ಪತ್ತಾರು. ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಗಿಟಾರ್ ಕೈ ಛಲೋ ಇದೆ. ದನಿಯಲ್ಲಿ ತೂಕ ಇದೆ. ನನಗೆ ಹಿಡಿಸಿತು.

'ಆಚಿ ದಂಡಿ' ಕೊನೆಗೆ ಬಂದೆವು. "ಆಚಿ ದಂಡ್ಯಾಗ ಯಾರದಾರ..." ಅಲ್ಲಿ ಮೇಲೆ ಹೋಗಬೇಕು. ದನಿ ಒಡೆಯಿತು. ಮತ್ತೆ ಹಾಡಿದ. ಮತ್ತೆ ಒಡೆಯಿತು. ಏಳು ಸಲ. "ಸಿದ್ದಣ್ಣ ಹ್ಯಾಂಗ ಹೋಗ್ತಿದ್ರು ಅಲ್ಲಿಗಿ? ಜರಾ ಹೇಳ್ರಿ ಶರಣಣ್ಣ," ಅಂದ.

ಗನಿ ನನ್ನ ಮುಖ ನೋಡಿದ. ನಾನು ಆಂಪ್ಲಿಫೈಯರ್ ವೈರ್ ಸುತ್ತತೊಡಗಿದೆ.

ಇದನ್ನು ಯಾರೂ ಓದುವುದಿಲ್ಲ. ಬರೆಯಬಹುದು. ಸಿದ್ದಲಿಂಗ ಅಲ್ಲಿಗೆ ಯಾವತ್ತೂ ಹೋಗಿಲ್ಲ. ಆ ಸಾಲು ನನ್ನದು. ರೆಕಾರ್ಡಿಂಗಿನಲ್ಲೂ ನಾನೇ, ಸ್ಟೇಜಿನ ಮೇಲೂ ನಾನೇ.

ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ನಾವಿಬ್ಬರೂ ಕಿಣ್ಣಿ ಸುಲ್ತಾನದವರು, ಊರ ಹಿರಿಯ ಪೀರಪ್ಪ ಮುತ್ಯಾನ ಭಜನೆಯಲ್ಲಿ ಕೂತು ಬೆಳೆದವರು. ಅಲ್ಲಿ ಒಂದೇ ನಿಯಮ. ಮುಂದಿನವನ ಉಸಿರು ಸಾಲದೆ ಬಂದರೆ ಹಿಂದಿನವನು ಸಾಲು ಎತ್ತಿಕೊಳ್ಳಬೇಕು. ದನಿ ಬದಲಾದದ್ದು ಕೇಳುವವರಿಗೆ ತಿಳಿಯಬಾರದು. ಎತ್ತಿಕೊಂಡವನು ಆಮೇಲೆ ಬಾಯಿ ಬಿಡಬಾರದು. "ಹಾಡು ದಡ ಸೇರಿತಲ್ಲ, ಸಾಕು," ಅನ್ನುತ್ತಿದ್ದ ಮುತ್ಯಾ. ಸ್ಟುಡಿಯೋದಲ್ಲಿ ಸಿದ್ದ್ಯಾನ ಉಸಿರು ಸಾಲಲಿಲ್ಲ, ನಾನು ಎತ್ತಿಕೊಂಡೆ. ಚಾಳಿ. ಆ ಹಾಡೇ ಹೆಸರು ಮಾಡುತ್ತದೆ ಅಂತ ಯಾರಿಗೆ ಗೊತ್ತಿತ್ತು? ಸ್ಟೇಜಿನ ಮೇಲೆ ನನ್ನ ಮುಂದೆಯೂ ಮೈಕ್ ಇರುತ್ತದೆ. ಜನ ಕೋರಸ್ ಅಂದುಕೊಂಡಿದ್ದಾರೆ. ಗನಿಗೊಬ್ಬನಿಗೆ ಗೊತ್ತು.

ಅಫಜಲಪುರದಲ್ಲಿ ನಾನು ಎತ್ತಿಕೊಳ್ಳಲಿಲ್ಲ. ಗಂಟಲು ಹೋಗಿದೆ ಅಂತ ಸಿದ್ದ್ಯಾ, ಗನಿ ಇಬ್ಬರಿಗೂ ಹೇಳಿದ್ದೇನೆ.

೨೪ ನವೆಂಬರ್

ನಿನ್ನೆ ಕಾಲೇಜ್ ಪ್ರೋಗ್ರಾಮ್. ದಿಲೀಪನ ಮೊದಲನೆಯದು. ಎಲ್ಲ ಹಾಡೂ ಬರಾಬರ್ ಹೋದವು, ಅದೊಂದು ಬಿಟ್ಟು. ಗುಂಪಿಗೆ ಬರೀ ಆ ಹನ್ನೆರಡು ಸೆಕೆಂಡಿನ ವಿಡಿಯೋ ಬಂದಿದೆ. ಕೆಳಗೆ ೫೦೦ ಮೆಸೇಜ್. "ಮೆಡಿಕಲ್ ಸ್ಟೋರಿನವನಿಗೆ ಯಾರರೆ ಗುಳಗಿ ಕೊಡ್ರಿ." ಅವನ ತಾಯಿಯೂ ಓದಿದಳಂತೆ.

ಅವನೇನು ತಪ್ಪು ಮಾಡಿದ್ದಾನೆ? ಸಿದ್ದಲಿಂಗನಿಗೇ ಬಾರದ್ದನ್ನು ಸಿದ್ದಲಿಂಗನ ಹಾಗೆ ಹಾಡು ಅಂತ ಅವನ ಕುತ್ತಿಗೆ ಹಿಡಿದಿದ್ದಾರೆ.

೩೦ ನವೆಂಬರ್

ದಿಲೀಪನಿಗೆ ಹೇಳಿಬಿಟ್ಟೆ. ಮುತ್ಯಾನ ನಿಯಮ ಮುರಿದೆ. ಚಹಾದಂಗಡಿಯಲ್ಲಿ ಕೂತು ಎಲ್ಲ ಕೇಳಿದ. ನಕ್ಕ. ಆಮೇಲೆ ನಗು ನಿಂತಿತು.

"ಹಂಗಂದ್ರ ನನ್ನ ಹಿಂದೂ ನೀವ ನಿಂತೀರಲ್ಲ. ನನಗ್ಯಾಕ ಎತ್ತಿಕೊಳ್ಳಲಿಲ್ರಿ?"

"ಗಂಟಲ ಹೋಗ್ಯಾದಪ."

"ಆಳಂದಕ್ಕ ಒಂದ ಸಲ ಪ್ರಯತ್ನ ಮಾಡ್ರಿ. ಅಲ್ಲೂ ಹಿಂಗ ಆತಂದ್ರ ನಾ ಬಿಡ್ತೇನಿ. ನಮ್ಮವ್ವ ಆ ಫೋನ್ ಮುಟ್ಟಬ್ಯಾಡ ಅಂದ್ರೂ ಕೇಳಾಕಿಲ್ಲ, ಕೂತು ಓದ್ತಾಳ, ಕೂತು ಅಳ್ತಾಳ."

ಆಳಂದದ್ದು ಡಿಸೆಂಬರ್ ೨೦ಕ್ಕೆ. ಇವನೂ ಹೋದರೆ ಬ್ಯಾಂಡ್ ಮುಗಿದಂತೆ. ಗನಿ ಅಂದೇಬಿಟ್ಟಿದ್ದಾನೆ, "ಮೂರನೇದವನ್ನ ನಾ ಹುಡಕಂಗಿಲ್ಲ ಭಾಯ್. ಡ್ರಮ್ ಸೆಟ್ ಮಾರಿಬಿಡ್ತೇನಿ."

೭ ಡಿಸೆಂಬರ್

ಕಿಣ್ಣಿ ಸುಲ್ತಾನಕ್ಕೆ ಹೋಗಿದ್ದೆ. ಸಿದ್ದ್ಯಾ ಹೊಲದಲ್ಲಿ ತೊಗರಿ ನೋಡುತ್ತ ನಿಂತಿದ್ದ. ಗಡ್ಡ ಬಿಟ್ಟಿದ್ದಾನೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ಬಾರಲೇ ಶರಣ್ಯಾ. ಗಂಟಲ ಹ್ಯಾಂಗದ?"

ನಾನು ತೊಗರಿ ಗಿಡದ ಎಲೆ ಹರಿಯುತ್ತ ನಿಂತೆ. ಅವನೇ ಮಾತಾಡಿದ. "ಕಲಬುರಗಿಯೊಳಗ ದೊಡ್ಡ ಡಾಕ್ಟರ್ ಅದಾರ. ತೋರಿಸೋಣು ನಡಿ, ನಾ ಬರ್ತೇನಿ ಜೋಡಿ. ನೋಡು, ಸಿಳ್ಳಿ ಹಾಕಿದ್ರಂತ ನಾ ಬಿಟ್ಟಿಲ್ಲ. ನಿನ್ನ ಗಂಟಲ ಹೋತು ಅಂದ ಮ್ಯಾಲೆ ನಾ ಯಾವ ಮಾರಿ ಹೊತ್ಗೊಂಡು ಮುಂದ ನಿಲ್ಲಲಿ? ಹನ್ನೆರಡ ವರ್ಷ ನಿನ್ನ ದನಿ ತಿಂದೇನಿ ನಾನು."

ಮನೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಅವನ ತಾಯಿ ಮಲ್ಕಮ್ಮ ನನ್ನ ಗಂಟಲಿಗೆ ಅಂತ ಅಜವಾನ ಕಟ್ಟಿಕೊಟ್ಟಳು. ಆಳಂದದ ಪ್ರೋಗ್ರಾಮಿಗೆ ಬರುತ್ತೇನೆ ಅಂದ, ಜನರ ನಡುವೆ ನಿಂತು ಕೇಳುತ್ತಾನಂತೆ. ಅಜವಾನದ ಗಂಟು ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ.

೮ ಡಿಸೆಂಬರ್

ಗಂಟಲು ಹೋಗಿಲ್ಲ. ಅಫಜಲಪುರದಲ್ಲೂ ಹೋಗಿರಲಿಲ್ಲ. ಈಗಲೂ ಸ್ನಾನ ಮಾಡುವಾಗ ಆ ಸಾಲಿಗೆ ಸಲೀಸಾಗಿ ಹೋಗುತ್ತೇನೆ. ನಲ್ಲಿ ಜೋರಾಗಿ ಬಿಟ್ಟುಕೊಂಡು.

ಅಫಜಲಪುರದ ಪ್ರೋಗ್ರಾಮಿಗೆ ಎರಡು ದಿನ ಮೊದಲು ಯೂಟ್ಯೂಬಿನವರೊಬ್ಬರು ಸಿದ್ದ್ಯಾನ ಇಂಟರ್‌ವ್ಯೂ ಮಾಡಿದ್ದರು. ಆ ಸಾಲು ಹೇಗೆ ಬಂತು ಸರ್ ಅಂತ ಕೇಳಿದರು. ಸಿದ್ದ್ಯಾ ನಕ್ಕು, "ಅದು ಹುಟ್ಟತಲೇ ಬಂದದ್ದು ಬಿಡ್ರಿ," ಅಂದ. ಅಷ್ಟೇ. ಬೇರೇನು ಹೇಳಬಹುದಿತ್ತು ಅವನು? ನಿಯಮ ನನಗಷ್ಟೇ ಅಲ್ಲ, ಅವನಿಗೂ ಇದೆ. ಗೊತ್ತಿದ್ದೂ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಎರಡು ದಿನ ಆರಲಿಲ್ಲ. ಸ್ಟೇಜಿನ ಮೇಲೆ ಆ ಸಾಲು ಬಂತು. ಅವನು ಬಾಯಿ ತೆರೆದ. ನಾನು ತುಟಿ ಮುಚ್ಚಿಕೊಂಡು ನಿಂತೆ. ಅವನು ಹಿಂದೆ ತಿರುಗಿ ನೋಡಿದ — ಸಿಟ್ಟಿನಿಂದಲ್ಲ, ನನಗೇನಾಯಿತು ಅಂತ ಗಾಬರಿಯಿಂದ. ಅದಕ್ಕೇ ವಿಡಿಯೋ ನೋಡಿಲ್ಲ.

ಆಳಂದದಲ್ಲಿ ಹಾಡಿದರೆ ದಿಲೀಪ ಉಳಿಯುತ್ತಾನೆ. ಬ್ಯಾಂಡ್ ಉಳಿಯುತ್ತದೆ. ಗಂಟಲು ಹೋಗಿರಲೇ ಇಲ್ಲ ಅಂತ ಸಿದ್ದ್ಯಾನಿಗೆ ಗೊತ್ತಾಗುತ್ತದೆ. ಅವನ ಕಿವಿಗೆ ನನ್ನ ದನಿ ತಪ್ಪುವುದಿಲ್ಲ.

ಹಾಡದಿದ್ದರೆ ಇನ್ನೊಬ್ಬನನ್ನು ತಿಂದಂತೆ.

೧೯ ಡಿಸೆಂಬರ್

ಹನ್ನೊಂದು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನಿದೆ. ರಕ್ತ, ರಿಪೋರ್ಟ್, ಊಟ, ನಿದ್ದೆ. ಸಿದ್ದ್ಯಾನಿಗೆ ಫೋನ್ ಹಚ್ಚಲು ನಾಲ್ಕು ಸಲ ನಂಬರ್ ತೆಗೆದೆ. ಮೊದಲೇ ಹೇಳಿಬಿಟ್ಟರೆ ಚಂದ. ಹಚ್ಚಲಿಲ್ಲ.

ಗುಂಪಿನಲ್ಲಿ ಮಹಾನಂದಾ ಮೇಡಂ ಮತದಾನ ಇಟ್ಟಿದ್ದಾರೆ. ದಿಲೀಪ ಇರಬೇಕೋ ಬೇಡವೋ. ಬೇಡ ಅಂದವರು ೪೧೨. ದಿಲೀಪ ನನಗೆ ಅದರ ಫೋಟೋ ಕಳಿಸಿದ್ದಾನೆ. ಕೆಳಗೆ ಏನೂ ಬರೆದಿಲ್ಲ.

೨೧ ಡಿಸೆಂಬರ್, ಭಾನುವಾರ. ಬೆಳಿಗ್ಗೆ ೯

ಹಾಡಿದೆ.

ನಿನ್ನೆ ಆ ಸಾಲಿಗೆ ದಿಲೀಪ ಬಾಯಿ ತೆರೆದ, ನಾನು ಹಿಂದಿನಿಂದ ಎತ್ತಿಕೊಂಡೆ. ಇಷ್ಟು ನಿಚ್ಚಳವಾಗಿ ಹಿಂದೆಂದೂ ಬಂದಿರಲಿಲ್ಲ. ಆಳಂದದ ಮೈದಾನ ಪೂರ್ತಿ ಕೈ ಎತ್ತಿತು. ದಿಲೀಪನ ಕಣ್ಣಲ್ಲಿ ನೀರು. ಗನಿ ಕೋಲು ಮೇಲೆ ಎಸೆದ. ಸಂತೋಷ ಆಯಿತು, ಸುಳ್ಳು ಯಾಕೆ ಹೇಳಲಿ. ಎಡಗಡೆ ಜನರೇಟರ್ ಪಕ್ಕ ಸಿದ್ದ್ಯಾ ನಿಂತಿದ್ದ. ಅವನೊಬ್ಬ ಕೈ ಎತ್ತಿರಲಿಲ್ಲ. ದಿಲೀಪನನ್ನು ನೋಡುತ್ತಿರಲಿಲ್ಲ. ಹಾಡು ಮುಗಿಯುವಷ್ಟರಲ್ಲಿ ಅಲ್ಲಿರಲಿಲ್ಲ.

ಮೇಡಂ ಬರೆದಿದ್ದಾರೆ: "ಮೂರನೇ ಯುಗ ಶುರುವಾಯಿತು. ಸಿದ್ದಲಿಂಗನ ಗಂಟಲು ದಿಲೀಪನಿಗೆ ಬಂದಿದೆ."

ಈಗ ಫೋನ್ ಬಂತು. ಸಿದ್ದ್ಯಾ.

"ಗಂಟಲ ಆರಾಮ ಆತೇನಲೇ?"

"ಹ್ಞೂಂ. ಆತು."

"ಛಲೋ ಆತು." ಖರೇನೇ ಖುಷಿ ಇತ್ತು ಅವನ ದನಿಯಲ್ಲಿ. ಅದೇ ತಡೆಯಲಾಗಲಿಲ್ಲ ನನಗೆ. "ಅವ್ವನೂ ಕೇಳಾಕತ್ತಾಳ. ಯಾವಾಗ ಆರಾಮ ಆತು?"

ಹೇಳಿದೆ. ಅಫಜಲಪುರದಿಂದ ಹಿಡಿದು, ಇಂಟರ್‌ವ್ಯೂದಿಂದ ಹಿಡಿದು, ಒಂದೂ ಬಿಡದೆ ಹೇಳಿದೆ. ಫೋನ್ ಇಟ್ಟುಬಿಡುತ್ತಾನೆ ಅಂದುಕೊಂಡೆ. ಇಡಲಿಲ್ಲ. ಮಲ್ಕಮ್ಮ ಹಿಂದಿನಿಂದ "ಏನಂತಾನ ಶರಣು, ಆರಾಮದಾನೇನು?" ಅಂತ ಕೇಳುತ್ತಿದ್ದಳು. ಸಿದ್ದ್ಯಾ ಆಕೆಗೆ, "ಆರಾಮದಾನವ್ವ. ನಿನ್ನ ಅಜವಾನಕ್ಕ ಗಂಟಲ ಬಂತಂತ," ಅಂದ.