ನನ್ನ ಅಂಕ ಕಡಿಮೆ ಮಾಡು

ಪ್ರೀತಿಯ ತರಲೆಗೆ,

ನನ್ನ ಹಳೆಯ ವಿದ್ಯಾರ್ಥಿನಿಯೇ ಅಧಿಕಾರಿಯಾಗಿ ಬಂದು ನನ್ನ ಪಾಠವನ್ನು ಪರಿಶೀಲಿಸಿದ ದಿನ ಹೆಮ್ಮೆಯಿಂದ ಎದೆ ಉಬ್ಬಿತ್ತು. ನಿನ್ನ ವರದಿ ನಿನ್ನೆ ಕೈಸೇರಿತು. ಪ್ರಯೋಗ ಪಾಠಕ್ಕೆ ನನಗೆ ಪೂರ್ತಿ ಅಂಕ ಕೊಟ್ಟು, ‘ಸೌಲಭ್ಯ ಸಾಕಷ್ಟಿದೆ’ ಎಂದೂ ಬರೆದಿದ್ದೀಯ.

ಎಲ್ಲಿದೆ ಮಗಳೇ? ಐವತ್ತು ಮಕ್ಕಳಿಗೆ ಇರುವುದು ಒಂದೇ ಸೂಕ್ಷ್ಮದರ್ಶಕ. ಗಂಟೆ ಹೊಡೆಯುವಷ್ಟರಲ್ಲಿ ಈರುಳ್ಳಿ ಸಿಪ್ಪೆಯನ್ನು ನೋಡಿದವರು ಹನ್ನೊಂದೇ ಮಂದಿ. ಸಾಲಿನ ಕೊನೆಯ ಹುಡುಗಿ, “ಮಿಸ್, ಅದರೊಳಗೆ ಏನ್ ಕಾಣುತ್ತೆ ಅಂತ ನೀವೇ ಹೇಳ್ಬಿಡಿ” ಅಂದಾಗ ನೀನು ಕಿಟಕಿಯತ್ತ ಮುಖ ತಿರುಗಿಸಿದ್ದನ್ನು ಕಂಡೆ.

ನನ್ನ ಬಡ್ತಿ ತಪ್ಪಬಾರದೆಂದು ನೀನು ಹಾಗೆ ಬರೆದೆ, ಗೊತ್ತು. ಆದರೆ ಎಲ್ಲವೂ ಇದೆ ಎಂದ ಶಾಲೆಗೆ ಇಲಾಖೆ ಅನುದಾನ ಏಕೆ ಕೊಡುತ್ತದೆ? ಪಕ್ಕದ ದೊಡ್ಡ ಶಾಲೆಯಲ್ಲಿ ಇಬ್ಬರಿಗೊಂದು ಸೂಕ್ಷ್ಮದರ್ಶಕ ಇದೆಯಂತೆ. ದಯವಿಟ್ಟು ನನ್ನ ಅಂಕ ಕತ್ತರಿಸಿ, ಕಂಡದ್ದನ್ನೇ ಬರೆ. ವರದಿ ತಿದ್ದಲು ಸೋಮವಾರ ಕಡೆಯ ದಿನ.

ಏಳನೇ ತರಗತಿಯಲ್ಲಿ ಒಂದು ಅಂಕ ಕಡಿಮೆ ಕೊಟ್ಟೆನೆಂದು ನೀನು ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದೆ. ನಾನು ಹಾಗೆ ಮಾಡುವುದಿಲ್ಲ. ತಿದ್ದಿ ಕಳಿಸಿದ ದಿನವೇ ಮನೆಗೆ ಊಟಕ್ಕೆ ಬಾ.

ನಿನ್ನ,
ವಿಜ್ಞಾನದ ಮಿಸ್