ತೊಳೆಯದೆ ಇಟ್ಟ ಕೈ

ಓಲ್ಡ್ ಟೌನ್, ಭದ್ರಾವತಿ
12 ಫೆಬ್ರವರಿ 2025, ಬುಧವಾರ

ಪ್ರೀತಿಯ ರೂಹಿಗೆ ಸಲಾಂ,

ಹೇಗಿದ್ದೀಯ? ಕೆಮ್ಮು ಹೋಯ್ತಾ? ನವುಲೇಲಿ ಸೋಪು ಟ್ರೇನಿಂಗ್ ಹಾಸ್ಟೆಲ್ ಊಟ ಸೇರ್ತಿದೆಯಾ? ನಾನು, ಅಮ್ಮಿ ಚೆನ್ನಾಗಿದ್ದೀವಿ. ಫೋನ್ ಇದ್ದೂ ಕಾಗದ ಯಾಕೆ ಬರೆದ ಅಂತ ಗಾಬರಿ ಆಗ್ಬೇಡ. ಫೋನಲ್ಲಿ ಹೇಳಿದ್ರೆ ನೀನು ನಗ್ತೀಯ, ನೀನು ನಕ್ರೆ ನಂಗೆ ಹೇಳೋದೇ ಮರೆತುಹೋಗುತ್ತೆ. ಇವತ್ತು ಅಮ್ಮಿ ನಿನ್ನ ಬಟ್ಟೆ ತರ್ತಾರಲ್ಲ, ಆ ಬ್ಯಾಗಲ್ಲೇ ಇಟ್ಟಿದ್ದೀನಿ. ಅವರಿಗೆ ಕನ್ನಡ ಓದಕ್ಕೆ ಬರಲ್ಲ, ಅದೇ ಧೈರ್ಯ.

ನಿನ್ನ ಸ್ಟೇಟಸ್ಸಲ್ಲಿ ವಿಡಿಯೋ ನೋಡ್ದೆ. ಬೇವಿನ ಸೊಪ್ಪು, ಅಂಟುವಾಳಕಾಯಿ ಕುದಿಸಿ ಸೋಸೋ ತನಕ ಸರಿ. ಆಮೇಲೆ ಸೋಪು ಕ್ರಿಮಿ ಸಾಯಿಸುತ್ತಾ ಅಂತ ಟೆಸ್ಟು. ನಿನ್ನ ಜೊತೆ ಕಲಿಯೋ ಆ ಮಲವಗೊಪ್ಪದ ವಸಂತನ ಮಣಿಕಟ್ಟು ಹಿಡ್ಕೊಂಡು, ಕ್ರಿಮಿ ಬೆಳೆಸೋ ಜೆಲ್ಲಿ ಪ್ಲೇಟ್ ಮೇಲೆ ಬೆರಳು ಒತ್ತಿಸ್ತಾ "ಅಲ್ಲಾಡಬೇಡಿ ವಸಂತಣ್ಣ" ಅಂದ್ಯಲ್ಲ, ಅಷ್ಟು ಮೆತ್ತಗೆ ನನ್ನತ್ರ ಯಾವತ್ತು ಮಾತಾಡಿದ್ದೀಯ ಮಾರಾಯ್ತಿ? ನಿನ್ನೆ ಎರಡು ಪ್ಲೇಟಿನ ಫೋಟೋ ಬೇರೆ. ಒಂದರಲ್ಲಿ ತುಂಬ ಬಿಳಿ ಚುಕ್ಕಿ, ಒಂದು ಕ್ಲೀನು. ಕೆಳಗೆ ನಿನ್ನ ಗುಂಡು ಅಕ್ಷರದಲ್ಲೇ "ವಸಂತ್, ತೊಳೆಯುವ ಮೊದಲು", "ವಸಂತ್, ತೊಳೆದ ಮೇಲೆ". ಅಣ್ಣ ಅಂತೀನಲ್ಲ ಅಂತ ಹೇಳ್ಬೇಡ. ಮದುವೆಗೆ ಮುಂಚೆ ನನ್ನನ್ನೂ ಮುಸ್ತಕೀಮ್ ಭಾಯ್ ಅಂತಲೇ ಕರೀತಿದ್ದೆ.

ಆ ಸೋಪು ಶುರುವಾಗಿದ್ದು ಯಾರಿಗೋಸ್ಕರ? ಗ್ಯಾರೇಜಿಂದ ಬಂದು ಸೀಮೆಎಣ್ಣೆ ಹಾಕಿ ತಿಕ್ಕಿ ತಿಕ್ಕಿ ನನ್ನ ಅಂಗೈ ಬಿರುಕು ಬಿಟ್ಟಿತ್ತು ಅಂತ, ನೀನು ಅಮ್ಮಿಯ ಬಿರಿಯಾನಿ ಡಬರೀಲಿ ಬೇವು ಕುದಿಸಿ ಬೈಸ್ಕೊಂಡೆ. ಆ ಈದಿನ ಬಿರಿಯಾನಿ ಕಹಿಯಾದಾಗ "ಚೆನ್ನಾಗಿದೆ" ಅಂತ ಎರಡನೇ ಸಲ ಹಾಕಿಸ್ಕೊಂಡವನು ನಾನು, ವಸಂತ್ ಅಲ್ಲ. ಅವನ ಕೈಲಿ ಏನು ಕೊಳೆ ಇರುತ್ತೆ? ಮೊಬೈಲ್ ಅಂಗಡೀಲಿ ಕೂರೋನು. ಅವನ ಬೆರಳು ತೊಳೆಯಕ್ಕೆ ಬರೀ ನೀರು ಸಾಕು.

ಹೋಗ್ಲಿ ಬಿಡು. ಕೋಪ ಏನಿಲ್ಲ. ಚೆನ್ನಾಗಿ ಕಲಿ, ಬಿಸಿ ನೀರು ಕುಡಿ. ಅಮ್ಮಿ ಕಳಿಸಿರೋ ಖೀಮಾ ನೀನೇ ತಿನ್ನು, ಎಲ್ಲರಿಗೂ ಹಂಚಬೇಡ. ಅಲ್ಲಾಹ್ ನಿನ್ನ ಚೆನ್ನಾಗಿಟ್ಟಿರ್ಲಿ.

ನಿನ್ನ
ಮುಸ್ತಕೀಮ್

ತಾ.ಕ.: ಬಸ್ಸಿಗೆ ಹೊತ್ತಾಯ್ತು ಅಂತ ಅಮ್ಮಿ ಕೂಗ್ತಿದ್ದಾರೆ. ಬೆಳಿಗ್ಗೆಯೇ ಲಾರಿ ಗೇರ್‌ಬಾಕ್ಸ್ ಬಿಚ್ಚಿದೆ, ಕೈ ತೊಳೆದಿಲ್ಲ. ತಿಂಡಿ ಅಮ್ಮಿಯೇ ಬೈತಾ ತುತ್ತು ಕೊಟ್ರು. ಕಾಗದದ ಮೂಲೇಲಿ ಕಪ್ಪು ಹೆಬ್ಬೆಟ್ಟು ಇದೆಯಲ್ಲ, ನಂದೇ. ನಾಳೆ ಲಾರಿ ಡೆಲಿವರಿ ಕೊಟ್ಟು, ಕೈ ತೊಳೆಯದೆ ಹಾಗೇ ಬರ್ತೀನಿ. ಎರಡು ಪ್ಲೇಟ್ ಖಾಲಿ ಇಡು. ಹೆಸರು ನೀನೇ ಬರೀಬೇಕು.