ಪ್ರೈಮಿಗೆ ಕೊನಿಯಿಲ್ಲ

ಹುಬ್ಬಳ್ಳಿ
೧೨ ಏಪ್ರಿಲ್ ೧೯೩೮

ಅಪ್ಪಾ, ಜೂನಿನಿಂದ ನಾನು ಮತ್ತೆ ಕಾಲೇಜಿಗೆ ಹೋಗುತ್ತೇನೆ, ಅದೂ ಗಣಿತಕ್ಕೇ! ಹಿಗ್ಗಿನಲ್ಲಿ ನಮಸ್ಕಾರ ಬರೆಯುವುದನ್ನೂ ಮರೆತೆ ನೋಡಿ. ಈಗ ಮಾಡಿದೆ, ಎರಡೂ ಕೈಯಿಂದ. ಲಗ್ನವಾಗಿ ಎರಡು ತಿಂಗಳಾದರೂ ಕಾಗದ ಹಾಕಲಿಲ್ಲ, ತಪ್ಪಾಯಿತು. ಗಣಿತದ ಮಾಸ್ತರರ ಮಗಳಾಗಿ ಓದನ್ನು ಅರ್ಧಕ್ಕೆ ಬಿಟ್ಟವಳ ಕಾಗದ ನೀವು ಒಡೆಯುತ್ತೀರೋ ಇಲ್ಲವೋ ಎಂಬ ಹೆದರಿಕೆ.

ಶುಕ್ರವಾರ ಮನೆಯಲ್ಲಿ ಚೈತ್ರದ ಅರಿಷಿಣ-ಕುಂಕುಮ. ಓಣಿಯ ಹೆಂಗಸರೆಲ್ಲ ಕೋಸಂಬರಿ ತಿನ್ನುತ್ತ, ಗಂಡನ ಹೆಸರನ್ನು ಒಡಪು ಕಟ್ಟಿ ಹೇಳೆಂದು ನನ್ನನ್ನು ಹಿಡಿದರು. "ಇಂಗ್ಲಿಷ್ ಸಾಲಿ ಹುಡುಗಿ, ಒಡಪು ಎಲ್ಲಿಂದ ಬರಬೇಕ್ರಿ!" ಎಂದು ಎದುರುಮನೆಯ ಸುಲಭಾ ಕಾಕು ಕೆಣಕಿದರು. ಬಾಯಿಗೆ ಬಂದದ್ದನ್ನು ಹೇಳಿಯೇಬಿಟ್ಟೆ:

"ಎರಡು, ಮೂರು, ಐದು, ಏಳು, ಪ್ರೈಮಿಗೆ ಕೊನಿಯಿಲ್ಲ;
ರಮಾಕಾಂತರಾಯರ ಬಿಟ್ಟು ನನಗ ಬ್ಯಾರೆ ಮನಿಯಿಲ್ಲ."

ನಕ್ಕರೋ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. "ಪ್ರೈಮ ಅಂದ್ರೇನ?" ಎಂದರು. ಒಂದರಿಂದ ಮತ್ತು ತನ್ನಿಂದ ಮಾತ್ರ ಪೂರ್ತಿ ಭಾಗವಾಗುವ ಸಂಖ್ಯೆ ಎಂದೆ.

"ಕೊನಿಯಿಲ್ಲಂತ ಹ್ಯಾಂಗ ಹೇಳ್ತಿ? ಪೂರಾ ಎಣಿಸಿ ಬಂದೀಯೇನು?"

ನೀವು ಕಲಿಸಿದಂತೆಯೇ ಹೇಳಿದೆ ಅಪ್ಪಾ. ಪ್ರೈಮುಗಳು ಇಷ್ಟೇ ಎನ್ನಿ. ಎಲ್ಲವನ್ನೂ ಗುಣಿಸಿ ಒಂದು ಕೂಡಿಸಿ. ಈಗ ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾದರೆ ಈ ಹೊಸ ಸಂಖ್ಯೆಯೇ ಪ್ರೈಮು, ಇಲ್ಲವೆ ಅದನ್ನು ಭಾಗಿಸುವ, ನಮ್ಮ ಲೆಕ್ಕಕ್ಕೆ ಸಿಗದ ಇನ್ನೊಂದು ಪ್ರೈಮು ಇದೆ.

ಅತ್ತೆ ಎರಡು, ಮೂರು, ಐದು ಗುಣಿಸಿ ಒಂದು ಕೂಡಿಸಿ, ಮೂವತ್ತೊಂದನ್ನು ಬೆರಳ ಮೇಲೆ ಭಾಗಿಸಿ ನೋಡಿದರು. ಆಮೇಲೆ ಗಲ್ಲಕ್ಕೆ ಕೈ ಹಚ್ಚಿ, "ಅಯ್ಯ, ಕಾಣದ್ದನ್ನೂ ಕೂತಲ್ಲೇ ಖರೇ ಮಾಡಿ ತೋರ್ಸಿದೆಲ್ಲಾ! ಇಷ್ಟು ಛಂದದ್ದನ್ನ ಅರ್ಧಕ್ಕ ಬಿಟ್ಟು ಲಗ್ನಕ್ಕ ಅವಸರ ಮಾಡಿದ್ಯಾ, ಹುಚ್ಚಿ? ನನ್ನ ಮಗಾ ಎಲ್ಲಿ ಓಡಿ ಹೋಗ್ತಿದ್ದ?" ಎಂದರು. ಪಡಸಾಲೆಯಲ್ಲಿ ಇವರಿಗೆ ಪಾನಕ ನೆತ್ತಿಗೇರಿತು. "ಜೂನಿನ್ಯಾಗ ಧಾರವಾಡದ ರೇಲ್ವೆ ಹತ್ತು. ಅಡಗಿ ನಾ ನೋಡ್ಕೋತೇನಿ," ಎಂದು ಅತ್ತೆ ಅಪ್ಪಣೆ ಕೊಟ್ಟೇಬಿಟ್ಟರು.

ಎಂಥ ಸೊಗಸು ಅಪ್ಪಾ! ಇವರು ಮುತ್ತಿನ ಸರ ತಂದಾಗಲೂ ನಾನು ಇಷ್ಟು ಕುಣಿದಿರಲಿಲ್ಲ (ಇವರಿಗೆ ಹೇಳಬೇಡಿ). ನಾಲ್ಕೇ ಮಾತು, ಕೊನೆಯಿಲ್ಲದ್ದು ಕೈಗೆ ಸಿಕ್ಕಿಬಿಡುತ್ತದೆ! ಸಾಲಿಯ ಮೆಟ್ಟಿಲು ಹತ್ತದ ಅತ್ತೆಗೂ ಎಂ.ಎ. ಆದ ನಿಮಗೂ ಅದೇ ನಿಜ, ಅದೇ ಬೆರಗು.

ಅವ್ವನಿಗೆ ನಮಸ್ಕಾರ. ನೀವಿಬ್ಬರೂ ಸುಖವಾಗಿರಿ, ನನ್ನನ್ನೂ ಹರಸಿ.

ನಿಮ್ಮ
ಮಂದಾಕಿನಿ

ತಾ.ಕ.: ಧಾರೆ ಎರೆಯುವಾಗ ನೀವು ನನ್ನ ಮುಖ ನೋಡಲಿಲ್ಲ. ಮರುದಿನ ಧಾರವಾಡ ಸ್ಟೇಶನ್ನಿನಲ್ಲಿ ಗಾಡಿ ಬಿಡುವ ತನಕ ಡಬ್ಬಿಯ ಬಾಗಿಲಲ್ಲೇ ನಿಂತಿದ್ದೆ, ನೀವು ಬರಲಿಲ್ಲ. ಮಾತಾಡದಿದ್ದರೂ ಸರಿ, ಈ ಸಲ ಬಂದು ನಿಲ್ಲಿ. ಬರುವ ರವಿವಾರ ನಿಮ್ಮನ್ನು ನೋಡಲು ಬರುತ್ತೇನೆ, ಮುಂಜಾನೆ ಎಂಟಕ್ಕೆ ಧಾರವಾಡ ಮುಟ್ಟುವ ಪುಣೆ ಪ್ಯಾಸೆಂಜರಿಗೆ.